ಹುರುಳಿ ಹರಡಿದ ರಸ್ತೆ

9 ಫೆಬ್ರವರಿ 1997, ತಿ. ನರಸೀಪುರ

ನಡುಮನೆಯಲ್ಲಿ ಮಂಚ ಹಾಕಿ ನನ್ನನ್ನು ಕೆಡವಿದ್ದಾರೆ. ಮಂಚದ ಕೆಳಗೆ ಬೆಡ್‌ಪ್ಯಾನು, ಎದುರಿಗೆ ದೇವರಮನೆ. ಇಷ್ಟು ವರ್ಷ ಮಡಿ ಮೈಲಿಗೆ ಅಂತ ಒದ್ದಾಡಿದವಳಿಗೆ ಈಗ ನರಸಿಂಹಸ್ವಾಮಿಯ ಕಣ್ಣೆದುರೇ ಎಲ್ಲವೂ ಆಗಬೇಕು. ಥೂ, ಹೇಸಿಗೆಯ ಬಾಳು.

ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಒಳಗೆ ಕೆರೆತ, ಬೆರಳು ಹೋಗುವುದಿಲ್ಲ. ಹೆಣಿಗೆ ಕಡ್ಡಿ ತೂರಿಸಿ ಕೆರೆದರೆ ಹಳಸಿದ ಹಿಟ್ಟಿನಂಥ ವಾಸನೆ ಹೊರಗೆ ಬರುತ್ತದೆ. ನೋಡಲು ಬಂದವರೆಲ್ಲ ಪ್ಲಾಸ್ಟರಿನ ಮೇಲೆ ಬೆರಳಲ್ಲಿ ಬಡಿದು ನೋಡುತ್ತಾರೆ, ಹಲಸಿನಹಣ್ಣು ಮಾಗಿದೆಯೋ ಇಲ್ಲವೋ ಅನ್ನುವ ಹಾಗೆ. ಬಡಿದಾದ ಮೇಲೆ ತಮ್ಮ ಕಡೆಯಲ್ಲಿ ಯಾರ್ಯಾರಿಗೆ ಕಾಲು ಮುರಿದು ಕೊನೆಗೆ ಏನೇನಾಯಿತು ಅಂತ ಹೇಳಿ, ಕಾಫಿ ಕುಡಿದು ಹೋಗುತ್ತಾರೆ.

ಮನೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ. ಬೆಡ್‌ಪ್ಯಾನು ತೆಗೆಯುವುದು, ಮೈ ಒರೆಸುವುದು ಎಲ್ಲ ಜವರಮ್ಮನದು. ಪಾತ್ರೆ ತೊಳೆಯಲು ಬರುತ್ತಿದ್ದವಳಿಗೆ ಈಗ ಇದೂ ಗಂಟುಬಿತ್ತು. ಆ ಹೊತ್ತಿಗೆ ಇವರು ಪೇಪರು ಹಿಡಿದುಕೊಂಡು ಹಿತ್ತಲಿಗೆ ಹೋಗಿಬಿಡುತ್ತಾರೆ. ಪಾಪ, ಇವರಿಗೆ ಇಂಥದ್ದೆಲ್ಲ ಅಭ್ಯಾಸವಿಲ್ಲ. ಹೈಸ್ಕೂಲಿನಲ್ಲಿ ಬದರೀನಾರಾಯಣ ಮೇಷ್ಟ್ರು ಬಂದರು ಅಂದರೆ ಹುಡುಗರು ಉಸಿರು ಬಿಡುವುದಿಲ್ಲವಂತೆ. ಅಂಥವರ ಕೈಲಿ ಇದನ್ನೆಲ್ಲ ಮಾಡಿಸಲಾಗುತ್ತದೆಯೇ? ಸ್ಕೂಲಿಗೆ ಪುಗಸಟ್ಟೆ ಬಂದಿದ್ದ ಈ ಡೈರಿಯನ್ನು ಅವರೇ ತಂದುಕೊಟ್ಟರು, ಹೊತ್ತು ಹೋಗಲಿ ಅಂತ.

13 ಫೆಬ್ರವರಿ

ನಿದ್ದೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ಅದೇ ರಸ್ತೆ.

ಸಂಕ್ರಾಂತಿಯಾದ ಮರುವಾರ. ಹುಲ್ಲಹಳ್ಳಿಯಲ್ಲಿ ಇವರ ಸೋದರತ್ತೆಯ ಮಗನ ಅರವತ್ತರ ಶಾಂತಿ. ಸ್ಕೂಟರಿನಲ್ಲಿ ಹೊರಟೆವು. ನಂಜನಗೂಡು ದಾಟಿ ಹುಲ್ಲಹಳ್ಳಿ ರಸ್ತೆಗೆ ಬಿದ್ದೆವು. ಹುರುಳಿ ಕಿತ್ತು ಒಕ್ಕುವ ಕಾಲ. ಈ ಜನಕ್ಕೆ ಕಣ ಸಾರಿಸುವ ಕಷ್ಟವೇ ಬೇಡ. ಸರ್ಕಾರ ಟಾರು ಹಾಕಿಕೊಟ್ಟಿದೆ, ಬಸ್ಸು ಲಾರಿಗಳು ದುಡ್ಡಿಲ್ಲದೆ ತುಳಿದುಕೊಡುತ್ತವೆ. ಕಿತ್ತ ಬಳ್ಳಿಯನ್ನು ರಸ್ತೆಯ ಅಗಲಕ್ಕೂ ಮೆತ್ತೆಯ ಹಾಗೆ ಹರಡಿ, ತಾವು ಮರದಡಿ ಎಲೆಯಡಿಕೆ ಹಾಕುತ್ತಾ ಕೂತಿರುತ್ತಾರೆ. ಲಾರಿ ಹೋದ ಮೇಲೆ ಎದ್ದು ಬಂದು ಮಗುಚಿಹಾಕುತ್ತಾರೆ. ಆ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು ಕಾರೇ ಹೊತ್ತಿ ಉರಿದದ್ದೂ ಉಂಟು. ದೊಡ್ಡ ಗಾಡಿಯವರು ಹೇಗೋ ದಾಟುತ್ತಾರೆ, ಎರಡು ಚಕ್ರದವರ ಗತಿ ಯಾರಿಗೆ ಬೇಕು? ಸೊಪ್ಪಿನಡಿ ಉದುರಿದ ಕಾಳು ಗೋಲಿಯ ಹಾಗೆ ಉರುಳುತ್ತದೆ.

ದೂರದಿಂದಲೇ ಕಂಡಿತು. ನಿಲ್ಲಿಸಿ, ಇಳಿದು ನಡೀತೀನಿ ಅಂದೆ. ಇವರು ನಿಲ್ಲಿಸಲಿಲ್ಲ. ಅದೇನು ದೊಡ್ಡ ವಿಷಯವಲ್ಲ. ತಪ್ಪು ಹುರುಳಿ ಹರಡಿದವನದು. ಇದನ್ನು ಯಾಕೆ ಬರೆದೆನೋ.

ಬಿದ್ದಾಗ ಯಾರೋ ಹೆಂಗಸು ಓಡಿಬಂದು ಮೊದಲು ನನ್ನ ಸೀರೆಯನ್ನು ಕಾಲಿನ ಮೇಲೆ ಎಳೆದಳು. ಆಮೇಲೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಮೈಯಿಂದ ಸಗಣಿ, ಬೆವರು, ಹುರುಳಿ ಹೊಟ್ಟಿನ ವಾಸನೆ. ಈಗಲೂ ಮೂಗಿನಿಂದ ಹೋಗಿಲ್ಲ. ಇವರಿಗೆ ಮೊಣಕೈ ತರಚಿತ್ತು. ಗಾಡಿ ಎತ್ತಿ ನಿಲ್ಲಿಸಿ, ಮರದಡಿ ಇದ್ದ ಗಂಡಸಿನ ಮೇಲೆ ಕೂಗಾಡುತ್ತಿದ್ದರು. ಪಾಪ, ಗಾಬರಿಯಾಗಿತ್ತು.

2 ಮಾರ್ಚ್

ಇವತ್ತು ಹುರುಳಿ ಹರಡಿದ್ದ ಆ ಗಂಡ ಹೆಂಡತಿ ಮನೆಗೇ ಬಂದರು. ಅವನ ಹೆಸರು ಶಿವಮಲ್ಲಪ್ಪ, ಅವಳು ಪುಟ್ಟಬಸಮ್ಮ. ಹಣೆ ತುಂಬ ವಿಭೂತಿ, ಕೈಯಲ್ಲಿ ಚೀಲ. ಚೀಲದಲ್ಲಿ ಏನು ಅಂದರೆ ಹುರುಳಿ! ನನ್ನ ಕಾಲು ಮುರಿದ ಹುರುಳಿಯನ್ನೇ ಕೇರಿ ಹಸನು ಮಾಡಿ ತಂದಿದ್ದಾರೆ. ನಾಚಿಕೆ ಅನ್ನುವುದು ಬೇಡವೇ ಜನಕ್ಕೆ?

"ಉಳ್ಳಿ ಕಟ್ಟು ಕುಡೀರವ್ವ, ಮೂಳೆಗೆ ಬಲ ಬತ್ತದೆ" ಅಂದಳು ಪುಟ್ಟಬಸಮ್ಮ. ನಾನು ಗೋಡೆ ಕಡೆ ತಿರುಗಿಕೊಂಡೆ.

ಇವರು ಶಿವಮಲ್ಲಪ್ಪನನ್ನು ಜಗಲಿಯಲ್ಲೇ ನಿಲ್ಲಿಸಿ ಚೆನ್ನಾಗಿ ಉಗಿದರು, ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ ಅಂದರು. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಅವರು ಹೋದ ಮೇಲೆ ನೋಡಿದರೆ ಚೀಲ ಒಳಗೇ ಇದೆ. ಸಾಕ್ಷಿಗೆ ಇರಲಿ ಅಂತ ಇಟ್ಟುಕೊಂಡರಂತೆ.

20 ಏಪ್ರಿಲ್

ಮಲ್ಲಿಕಾರ್ಜುನ್ ಬಂದಿದ್ದ. ನಂಜನಗೂಡಿನಲ್ಲಿ ವಕೀಲ, ಇವರ ಹಳೇ ಶಿಷ್ಯ. ಈಗಲೂ ಇವರ ಎದುರು ಕುರ್ಚಿಯ ತುದಿಯಲ್ಲೇ ಕೂರುತ್ತಾನೆ.

ಎರಡು ದಾರಿ ಇದೆ ಅಂದ. ಒಂದು, ಸ್ಕೂಟರಿಗೆ ಫುಲ್ ಇನ್ಷೂರೆನ್ಸ್ ಇದೆ, ಹಿಂದೆ ಕೂತವರಿಗೂ ಅನ್ವಯಿಸುತ್ತದೆ. ಅದಕ್ಕೆ ಅರ್ಜಿ ಹಾಕಿದರೆ ಕಂಪನಿಯವರು ಕೊಡುತ್ತಾರೆ. ಆದರೆ ಗಾಡಿ ಓಡಿಸಿದವರ ಅಜಾಗರೂಕತೆ ಇತ್ತು ಅಂತ ಅರ್ಜಿಯಲ್ಲಿ ಹೇಳಬೇಕು. ಇನ್ನೊಂದು, ರಸ್ತೆಗೆ ಹುರುಳಿ ಹರಡಿದವನ ಮೇಲೆ ಸಿವಿಲ್ ದಾವೆ. ಅದು ಎಳೆಯುತ್ತದೆ.

ಮೊದಲನೆಯದು ಬಾಯಿಂದ ಬೀಳುವ ಮೊದಲೇ ಇವರ ಮುಖ ಕೆಂಪಗಾಯಿತು. ನನ್ನ ಅಜಾಗರೂಕತೆಯೇನಯ್ಯಾ, ಇವತ್ತಿನವರೆಗೆ ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ ನಾನು, ಅಂದರು. ದಾವೆಯೇ ಆಗಲಿ ಸಾರ್, ಅಂದ ಮಲ್ಲಿಕಾರ್ಜುನ್. ಆಮೇಲೆ ನನ್ನ ಕಡೆ ತಿರುಗಿ, ಅಮ್ಮಾ, ನಿಮಗೆ ಹುರುಳಿ ಮೊದಲೇ ಕಂಡಿತ್ತಾ, ಏನಾದರೂ ಹೇಳಿದಿರಾ ಅಂತ ಕೇಳಿದ. ಅವಳಿಗೇನು ಕಾಣುತ್ತೆ, ಹಿಂದೆ ಕೂತಿದ್ದಳು, ಅಂದರು ಇವರು. ಅವನು ಹಾಗೇ ಗುರುತು ಮಾಡಿಕೊಂಡ.

ವಕಾಲತ್ತಿಗೆ ನಾನು ಮಲಗಿಕೊಂಡೇ ಸಹಿ ಹಾಕಿದೆ. ವಾದಿ ನಾನಂತೆ.

11 ಜೂನ್

ಪ್ಲಾಸ್ಟರು ತೆಗೆದರು. ಅದು ನನ್ನ ಕಾಲಲ್ಲ. ಸಿಪ್ಪೆ ಸುಲಿಯುತ್ತಿರುವ, ಕೂದಲು ಬೆಳೆದ, ಕೊಳೆತ ಬಾಳೆದಿಂಡಿನಂಥ ಏನೋ ಒಂದು. ಅದನ್ನು ನೋಡಿ ವಾಂತಿ ಮಾಡಿಕೊಂಡೆ.

ಮೂಳೆ ಸೊಟ್ಟ ಕೂಡಿದೆಯಂತೆ, ಕಾಲು ಗಿಡ್ಡವಾಗಿದೆಯಂತೆ. ಮೈಸೂರಿನಲ್ಲಿ ಇನ್ನೊಂದು ಆಪರೇಷನ್ ಮಾಡಿಸಿದರೆ ನೆಟ್ಟಗೆ ನಡೆಯಬಹುದು ಅಂದರು ಡಾಕ್ಟರು. ದಾವೆ ಗೆದ್ದ ದುಡ್ಡಿನಲ್ಲಿ ಮಾಡಿಸೋಣ ಬಿಡು ಅಂದರು ಇವರು. ಅಲ್ಲಿಯವರೆಗೆ ಕೋಲು.

14 ಅಕ್ಟೋಬರ್

ಮೊದಲ ಸಲ ನಂಜನಗೂಡಿನ ಕೋರ್ಟಿಗೆ ಹೋದೆ. ಬಸ್ಸಿನಲ್ಲಿ ಕೋಲು ಕಂಡರೂ ಯಾರೂ ಏಳಲಿಲ್ಲ, ಎಲ್ಲರೂ ಕಿಟಕಿಯಾಚೆ ನೋಡತೊಡಗಿದರು. ಕೋರ್ಟಿನ ಗೋಡೆಗಳಿಗೆ ಆಳೆತ್ತರದವರೆಗೆ ಎಲೆಯಡಿಕೆ ಉಗುಳು. ಕಕ್ಷಿದಾರರು, ಗುಮಾಸ್ತರು, ಪೊಲೀಸರು ಎಲ್ಲರೂ ಕೆಮ್ಮುತ್ತಾರೆ, ಕ್ಯಾಕರಿಸುತ್ತಾರೆ. ಹೆಂಗಸರ ಪಾಯಖಾನೆಗೆ ಚಿಲಕವಿಲ್ಲ. ದಿನವೆಲ್ಲ ತಡೆದುಕೊಂಡು ಕೂತಿದ್ದೆ. ಸಂಜೆ ನಮ್ಮ ಹೆಸರು ಕೂಗಿ, ಮುಂದಿನ ವಾಯಿದೆ ಹೇಳಿ ಕಳಿಸಿದರು. ಇಷ್ಟಕ್ಕೆ ಇವರು ಇಸ್ತ್ರಿ ಪಂಚೆ ಉಟ್ಟು ಬಂದಿದ್ದರು.

ಆ ಶಿವಮಲ್ಲಪ್ಪ ಬೇವಿನ ಮರದಡಿ ಕುಕ್ಕರುಗಾಲಲ್ಲಿ ಕೂತು ರಾಗಿಮುದ್ದೆ ನುಂಗುತ್ತಿದ್ದ. ಊರವರ ಕಾಲು ಮುರಿದವನಿಗೆ ಊಟ ಸೇರುತ್ತದಲ್ಲ.

27 ಜನವರಿ 1998

ಪ್ರತಿವಾದಿ ತಕರಾರು ಸಲ್ಲಿಸಿದ್ದಾನೆ. ಮಲ್ಲಿಕಾರ್ಜುನ್ ನಕಲು ಕಳಿಸಿದ್ದ. ಇವರು ಊಟವಾದ ಮೇಲೆ ಜೋರಾಗಿ ಓದಿದರು, ಜವರಮ್ಮ ಕೂಡ ಪಾತ್ರೆ ಬಿಟ್ಟು ಬಂದು ನಿಂತಳು.

ಆ ದಿನ ಅವನು ರಸ್ತೆಗೆ ಹುರುಳಿ ಹಾಕಿರಲೇ ಇಲ್ಲವಂತೆ. ಹಾಕಿದ್ದರೂ ಅದು ತಾತಮುತ್ತಾತರ ಕಾಲದಿಂದ ಬಂದ ವಾಡಿಕೆಯಂತೆ, ಆ ರಸ್ತೆಯಲ್ಲಿ ಹಾಕದವರೇ ಇಲ್ಲವಂತೆ. ತಾತನ ಕಾಲದಲ್ಲಿ ಟಾರು ಎಲ್ಲಿತ್ತು? ಅದಲ್ಲದೆ ಅವನು ಹಾಕಿದ್ದು ರಸ್ತೆಯ ಅಂಚಿಗೆ ಮಾತ್ರವಂತೆ, ಗಾಳಿ ಬಂದು ನಡುವಿಗೆ ತಳ್ಳಿತಂತೆ, ಗಾಳಿ ದೇವರ ಕೆಲಸವಂತೆ. ಅದೂ ಸಾಲದೆ, ವಾದಿಯು ಹುರುಳಿಯನ್ನು ಕಣ್ಣಾರೆ ಕಂಡು, ಅಪಾಯ ಗೊತ್ತಿದ್ದೂ ಗಾಡಿಯಲ್ಲಿ ಕೂತಿದ್ದರಿಂದ ಆ ಅಪಾಯಕ್ಕೆ ತಾನೇ ಒಪ್ಪಿದ ಹಾಗೆ. ಒಪ್ಪಿದವಳಿಗೆ ಪರಿಹಾರ ಕೇಳುವ ಹಕ್ಕಿಲ್ಲ. ಕಟ್ಟಕಡೆಗೆ, ಹುರುಳಿಯ ಚೀಲ ಕೊಟ್ಟಾಗ ಇಸಿದುಕೊಂಡಿದ್ದಾರೆ, ಅಲ್ಲಿಗೆ ರಾಜಿಯಾಯಿತು.

ಓದಿ ಮುಗಿಯುವ ಹೊತ್ತಿಗೆ ನನಗೆ ಮೈಯೆಲ್ಲ ಉರಿ. ನಾನು ನಿನ್ನ ಮನೆಗೆ ಬಂದೇ ಇರಲಿಲ್ಲ, ಬಂದಿದ್ದರೂ ಏನೂ ಮುಟ್ಟಲಿಲ್ಲ, ಮುಟ್ಟಿದ್ದರೂ ಬಾಗಿಲು ನೀನೇ ತೆರೆದಿಟ್ಟಿದ್ದೆ ಅಂತ ಕಳ್ಳ ಅಂದ ಹಾಗಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲವನ್ನೂ ಬಿಟ್ಟು ಗಾಳಿಗೆ ಹೋದ. ಒಂದು ಬಿದ್ದರೆ ಇನ್ನೊಂದು ನಿಲ್ಲಲಿ ಅಂತ ಎಲ್ಲರೂ ಹೀಗೇ ಹಾಕುತ್ತಾರೆ ಅಂತ ಮಲ್ಲಿಕಾರ್ಜುನ್ ಹೇಳಿದನಂತೆ. ಎಂಥ ಹೊಲಸು ವಿದ್ಯೆಯಪ್ಪ.

ಸಂಜೆ ಬಚ್ಚಲಿನಲ್ಲಿ ಕೋಲು ಜಾರಿ ಬೀಳುವುದರಲ್ಲಿದ್ದೆ, ಹಂಡೆ ಹಿಡಿದುಕೊಂಡು ಉಳಿದೆ. ನೆಲದ ತುಂಬ ಸೋಪಿನ ನೀರು. ಇವರು ಶೇವಿಂಗ್ ಮುಗಿಸಿ ಬಂದ ಮೇಲೆ ನಾನು ಹೋದದ್ದು. ಕೇಳಿದರೆ, ನಾನು ಚೆಲ್ಲಲಿಲ್ಲ ಅಂದರು. ಚೆಲ್ಲಿದ್ದರೂ ಬಚ್ಚಲು ಅಂದ ಮೇಲೆ ನೀರು ಇರುವುದೇ, ನಮ್ಮ ತಂದೆಯ ಕಾಲದಿಂದಲೂ ಹೀಗೇ ಇದೆ, ಕಣ್ಣು ಬಿಟ್ಟು ಕಾಲಿಡಬಾರದೇ ಅಂದರು. ನೆಲ ಒರೆಸಿಕೊಂಡು ಬಂದೆ.

19 ಫೆಬ್ರವರಿ

ಸಾಕ್ಷಿಗೆ ಅಂತ ಅಟ್ಟದ ಮೇಲಿಟ್ಟಿದ್ದ ಹುರುಳಿಗೆ ಹುಳು ಬಿತ್ತು. ಇವರೇ ಇಳಿಸಿ ಜವರಮ್ಮನ ಕೈಲಿ ಕೇರಿಸಿ ಸಾರು ಮಾಡಿಸಿದರು. ದಂಡವಾಗಬಾರದಂತೆ. ಎರಡು ಸಲ ಬಡಿಸಿಕೊಂಡು, ಬೆರಳು ನೆಕ್ಕಿ, ಏನೇ ಹೇಳು, ಆ ಕಡೆಯ ಹುರುಳಿಗೆ ರುಚಿ ಇದೆ ಕಣೇ, ಅಂದರು. ನಾನು ಮೊಸರನ್ನ ಕಲಸಿಕೊಂಡು ಒಳಗೆ ಹೋಗಿ ತಿಂದೆ. ಆ ಸದ್ದು ಕೇಳಲಾರದೆ.

17 ಜುಲೈ

ಮತ್ತೆ ವಾಯಿದೆ. ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ಅದನ್ನು ಹೇಳಿದವನು ಈ ಕೋರ್ಟಿನ ಬೆಂಚಿನ ಮೇಲೇ ಕೂತಿದ್ದಿರಬೇಕು.

ಇವತ್ತು ತಡೆದುಕೊಳ್ಳಲು ಆಗಲಿಲ್ಲ. ಇವರಿಗೆ ಹೇಳಿದರೆ, ಅದಕ್ಕೆ ನಾನೇನು ಮಾಡಲಿ, ಮನೆಯಲ್ಲೇ ಮುಗಿಸಿಕೊಂಡು ಬರಬಾರದೇ ಅಂದರು. ಕೋಲೂರಿಕೊಂಡು ಆ ಪಾಯಖಾನೆಗೇ ಹೋದೆ. ಕಾಲಿಡುವ ಹಾಗಿರಲಿಲ್ಲ. ಬಾಗಿಲು ಮುಚ್ಚಿದಷ್ಟೂ ತೆರೆದುಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸೀರೆ, ಬಾಗಿಲು ಹಿಡಿಯುವುದು ಯಾವುದರಲ್ಲಿ? ಹಿಂದಿನಿಂದ ಯಾರೋ ಬಾಗಿಲೆಳೆದು ಹಿಡಿದುಕೊಂಡರು. ನೀವ್ ಓಗಿ ಬನ್ನಿ ಅವ್ವ, ನಾ ನಿಂತಿವ್ನಿ, ಅಂತ ದನಿ. ಪುಟ್ಟಬಸಮ್ಮ.

ಅವಳ ಉಪಕಾರ ನನಗೆ ಬೇಕಿರಲಿಲ್ಲ. ಬೇರೆ ಗತಿ ಇರಲಿಲ್ಲ. ಹೊರಗೆ ಬಂದಾಗ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು. ಕೈ ತೊಳೆದುಕೊಂಡು ಕೇಳಿಯೇಬಿಟ್ಟೆ, ಗೊತ್ತಿದ್ದೂ ಒಪ್ಪಿ ಕೂತಿದ್ದೆ ಅಂತ ಬರೆಸಿದ್ದೀರಲ್ಲ, ನೀನೂ ಹಾಗೇ ಅಂದುಕೊಂಡಿದ್ದೀಯಾ ಅಂತ.

"ಅದು ಲಾಯರಪ್ಪ ಬರ್ದಿದ್ದು ಕಣ್ರವ್ವ. ನೀವು ಅವರ ಬೆನ್ನು ತಟ್ಟಿ ತಟ್ಟಿ, ಬ್ಯಾಡ ಬ್ಯಾಡ ಅಂತ ಕೈ ಆಡುಸ್ತಿದ್ದುದ್ನ ನಾನು ಮರದಡೀಲಿ ಕುಂತ್ಕಂಡೇ ಕಂಡಿವ್ನಿ."

ಹಾಗಾದರೆ ಅದನ್ನು ಹೇಳು ಅಂದೆ. ಎಜಮಾನರು ಬಾಯಿ ಬಿಡಬೇಡ ಅಂದಿದ್ದಾರೆ ಅಂತ ಸೆರಗಿನಿಂದ ಮುಖ ಒರೆಸಿಕೊಂಡಳು.

ಬಸ್ಸಿನಲ್ಲಿ ಇವರು, ಅವಳ ಹತ್ತಿರ ಏನು ಮಾತು ನಿನಗೆ, ಎದುರು ಪಾರ್ಟಿ ಅವಳು ಅಂದರು. ಬಾಗಿಲು ಹಿಡಿದುಕೊಂಡಿದ್ದಳು ಅಂದೆ.

22 ನವೆಂಬರ್

ಮುಂದಿನ ತಿಂಗಳು ನನ್ನ ಸಾಕ್ಷಿ. ಮನೆಯೇ ಸ್ಕೂಲಾಗಿದೆ. ಕಾಫಿಗೆ ಒಂದು ಪಾಠ, ಊಟಕ್ಕೆ ಒಂದು ಪಾಠ. ಹುರುಳಿ ತಿರುವಿನಲ್ಲಿತ್ತು, ಮೊದಲೇ ಕಾಣಲಿಲ್ಲ. ಗಾಡಿ ನಿಧಾನಕ್ಕೆ ಹೋಗುತ್ತಿತ್ತು. ನಾನು ಏನೂ ಹೇಳಲಿಲ್ಲ, ಹೇಳುವುದಕ್ಕೆ ಸಮಯವೇ ಇರಲಿಲ್ಲ. ತಪ್ಪಿದರೆ ಮತ್ತೆ ಮೊದಲಿನಿಂದ. ಬಾಯಲ್ಲಿ ಅನ್ನ ಇಟ್ಟುಕೊಂಡೇ ಪ್ರಶ್ನೆ ಕೇಳುತ್ತಾರೆ, ಅಗುಳು ಹಾರಿ ನನ್ನ ಎಲೆಗೆ ಬೀಳುತ್ತದೆ.

ಅಲ್ಲಿ ತಿರುವೇ ಇರಲಿಲ್ಲವಲ್ಲ ಅಂದೆ.

"ಸುಳ್ಳಲ್ಲ ಕಣೇ ಇದು, ವಾದ. ಅವನು ಗಾಳಿ ಅನ್ನಬಹುದು, ನಾವು ತಿರುವು ಅನ್ನಬಾರದಾ? ಒಂದು ಮಾತು ತಪ್ಪಿದರೆ ಆಪರೇಷನ್ ಮರೆತುಬಿಡು."

ಆಪರೇಷನ್ ಮರೆಯುವುದು ಹೇಗೆ? ಪ್ರತಿ ಹೆಜ್ಜೆಗೂ ಸೊಂಟ ಒಂದು ಕಡೆ ವಾಲುತ್ತದೆ. ಹಿತ್ತಲಿಗೆ ಹೋಗಿ ತುಳಸಿಗೆ ನೀರು ಹಾಕಿ ಬರುವಷ್ಟರಲ್ಲಿ ತೊಡೆ ಸೆಟೆದುಕೊಳ್ಳುತ್ತದೆ. ನೆಟ್ಟಗೆ ನಡೆಯಬೇಕು ನನಗೆ. ಅದಕ್ಕಾಗಿ ಒಂದು ಸುಳ್ಳು ಹೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ. ಹೇಳುತ್ತೇನೆ. ಆದರೆ ಅಭ್ಯಾಸ ಮಾಡುವಾಗಲೆಲ್ಲ ನಾಲಿಗೆಯ ಮೇಲೆ ಯಾರೋ ಕೈಬೆರಳಿಟ್ಟ ಹಾಗಾಗುತ್ತದೆ.

8 ಡಿಸೆಂಬರ್

ಕಟಕಟೆಯಲ್ಲಿ ನಿಲ್ಲಲಾರೆ ಅಂದದ್ದಕ್ಕೆ ಸ್ಟೂಲು ಕೊಟ್ಟರು. ಯಾರೋ ಅದಕ್ಕೆ ಸುಣ್ಣದ ಬೆರಳು ಒರೆಸಿದ್ದರು. ಅದರ ಮೇಲೇ ಕೂತೆ.

ಮಲ್ಲಿಕಾರ್ಜುನ್ ಕೇಳಿದ್ದಕ್ಕೆ ಹೆಸರು, ಊರು, ನೋವು, ಆಸ್ಪತ್ರೆ ಎಲ್ಲ ಹೇಳಿದೆ. ಗಾಡಿ ಎಷ್ಟು ವೇಗವಿತ್ತು ಅಂದ. ಯಾವಾಗಿನ ಹಾಗೇ ಇತ್ತು ಅಂದೆ. ಅದು ಸುಳ್ಳಲ್ಲ. ಹುರುಳಿ ಕಂಡಿತೇ ಅನ್ನುವ ತಂಟೆಗೆ ಅವನು ಹೋಗಲಿಲ್ಲ. ಹಿಂದಿನ ಬೆಂಚಿನಲ್ಲಿ ಇವರು ತಲೆಯಾಡಿಸುತ್ತಿದ್ದರು, ಹುಡುಗ ಮಗ್ಗಿ ಸರಿಯಾಗಿ ಒಪ್ಪಿಸಿದ ಹಾಗೆ.

ಆಮೇಲೆ ಪಾಟೀಸವಾಲು. ಅವರ ಕಡೆಯ ವಕೀಲರಿಗೆ ವಯಸ್ಸಾಗಿದೆ, ನಶ್ಯ ಸೇದುತ್ತಾರೆ. ಕಂದುಗಟ್ಟಿದ ಕರವಸ್ತ್ರವನ್ನು ನನ್ನ ಮೂಗಿನ ಹತ್ತಿರವೇ ಕೊಡವಿದರು. ಮಾತು ಮಾತ್ರ ಬೆಣ್ಣೆ. ಮದುವೆಯಾದಾಗಿನಿಂದ ಯಜಮಾನರ ಗಾಡಿಯಲ್ಲಿ ಕೂರುತ್ತಿದ್ದೀರಲ್ಲಮ್ಮ ಅಂದರು. ಹೌದು ಅಂದೆ. ಅವರು ಹೇಗೆ ಓಡಿಸುತ್ತಾರೆ ಅಂತ ಗೊತ್ತು ಅಂದರು. ಗೊತ್ತು ಅಂದೆ. ರಸ್ತೆಯಲ್ಲಿ ಹುರುಳಿ ಇದ್ದದ್ದು ದೂರದಿಂದಲೇ ಕಂಡಿತು ಅಂದರು. ಇಲ್ಲ, ತಿರುವಿನಲ್ಲಿತ್ತು ಅನ್ನಬೇಕಿತ್ತು. ಮರದಡಿ ಕೂತು ನೋಡಿದವಳು ಬಾಗಿಲ ಹತ್ತಿರ ನಿಂತಿದ್ದಳು. ಕಂಡಿತು ಅಂದುಬಿಟ್ಟೆ. ಇವರು ಕೆಮ್ಮಿದರು.

ವಕೀಲರಿಗೆ ಖುಷಿಯಾಗಿರಬೇಕು, ಇನ್ನೊಂದು ಚಿಟಿಕೆ ಏರಿಸಿದರು. ಓಡಿಸುವ ರೀತಿ ಗೊತ್ತಿತ್ತು, ಹುರುಳಿ ಕಂಡಿತ್ತು, ಆದರೂ ಸುಮ್ಮನೆ ಕೂತಿರಿ, ಅಂದರೆ ಅಪಾಯ ಗೊತ್ತಿದ್ದೂ ಒಪ್ಪಿಕೊಂಡಿರಿ ಅಂತಲೇ ಅಲ್ಲವೇ ಅಂದರು.

"ಗೊತ್ತಿತ್ತು. ಒಪ್ಪಿರಲಿಲ್ಲ."

"ಒಪ್ಪದಿದ್ದರೆ ಬಾಯಿಬಿಟ್ಟು ಹೇಳಬೇಕಿತ್ತಲ್ಲಮ್ಮ?"

ಇಲ್ಲಿ ನಾನು ಏನೂ ಹೇಳಲಿಲ್ಲ ಅನ್ನಬೇಕು. ಅಷ್ಟೂ ದಿನ ಬಾಯಿಪಾಠ ಮಾಡಿದ್ದು ಅದನ್ನೇ. ಆದರೆ ಹಾಗಂದರೆ ನಾನು ಒಪ್ಪಿಕೊಂಡ ಹಾಗಾಗುತ್ತದಲ್ಲ.

"ಹೇಳಿದೆ. ನಿಲ್ಲಿಸಿ, ಇಳಿದು ನಡೀತೀನಿ ಅಂದೆ."

ಜಡ್ಜ್ ಇಲ್ಲಿಯವರೆಗೆ ತಲೆಯೆತ್ತಿರಲಿಲ್ಲ. ಈಗ ಎತ್ತಿ, ಅದಕ್ಕೆ ಅವರು ಏನಂದರು ಅಂತ ಕೇಳಿದರು.

"ಹೆಂಗಸರಿಗೆ ಎಲ್ಲದಕ್ಕೂ ಭಯ, ಸುಮ್ಮನೆ ಕೂತ್ಕೋ ಅಂದರು. ನನಗೆ ತೋರಿಸುವುದಕ್ಕೆ ಅಂತಲೇ ಇನ್ನೂ ಜೋರು ಮಾಡಿದರು."

ಜಡ್ಜ್ ಅದನ್ನು ನಿಧಾನವಾಗಿ ಹೇಳಿ ಬರೆಸಿದರು, ಟೈಪಿನವಳು ಕುಟ್ಟಿದಳು. ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ವಿಚಿತ್ರವೆನಿಸಿತು. ನಶ್ಯದವರು ಕರವಸ್ತ್ರ ಮಡಚಿ ಕೂತುಬಿಟ್ಟರು. ಒಪ್ಪಿದಳು ಅನ್ನುವ ತಕರಾರು ಅಲ್ಲಿಗೆ ಬಿತ್ತು ಅಂತ ಮಲ್ಲಿಕಾರ್ಜುನ್ ಹೊರಗೆ ಬಂದು ಹೇಳಿದ. ಹೇಳುವಾಗ ಮುಖ ಬಾಡಿತ್ತು. ಯಾಕೆಂದರೆ ಇನ್ನು ಹುರುಳಿಯವನ ತಪ್ಪಿನ ಜೊತೆಗೆ ಗಾಡಿಯವರ ತಪ್ಪೂ ದಾಖಲೆಗೆ ಬಂತು.

ಬೆಂಚಿನಲ್ಲಿ ಬದರೀನಾರಾಯಣರು ಇರಲಿಲ್ಲ. ನನ್ನನ್ನು ಬಿಟ್ಟು ಬಸ್ ಹತ್ತಿದ್ದರು. ನಾನು ಮುಂದಿನ ಬಸ್ಸಿನಲ್ಲಿ ಬಂದೆ. ಕಂಡಕ್ಟರಿಗೆ ಹೇಳಿ ಒಬ್ಬನನ್ನು ಎಬ್ಬಿಸಿ ಸೀಟು ತೆಗೆದುಕೊಂಡೆ.

10 ಡಿಸೆಂಬರ್

ಎರಡು ದಿನ ಇವರು ಮುಖ ತಿರುಗಿಸಿಕೊಂಡೇ ಇದ್ದರು. ಇವತ್ತು ಒಂದೇ ಸಲ ಎಲ್ಲ ಬಂತು. ನೀನು ಹಾಗೆ ಹೇಳಿಯೇ ಇರಲಿಲ್ಲ. ಹೇಳಿದ್ದರೂ ಗಾಳಿಗೆ ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಗಂಡನಾದವನು ಹೆಂಡತಿಯ ಮಾತಿಗೆಲ್ಲ ಗಾಡಿ ನಿಲ್ಲಿಸುತ್ತಾ ಹೋಗುವುದು ಎಲ್ಲಿದೆ? ಅಷ್ಟಕ್ಕೂ ನಿನಗೆ ಸಾಡೇಸಾತಿ, ಆಗಬೇಕಾದದ್ದು ಆಯಿತು. ನನ್ನ ಸ್ವಭಾವ ಗೊತ್ತಿದ್ದೇ ತಾನೆ ಇಷ್ಟು ವರ್ಷ ಇದ್ದದ್ದು?

ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಕೇಳಿಸಿಕೊಂಡೆ. ಸಾಸಿವೆ ಸೀದುಹೋಯಿತು, ಚೆಲ್ಲಿ ಬೇರೆ ಹಾಕಿದೆ. ಅವರಿಗೆ ಬಡಿಸಿ, ನನ್ನ ತಟ್ಟೆ ತೆಗೆದುಕೊಂಡು ಜಗಲಿಗೆ ಹೋದೆ.

22 ಜನವರಿ 1999

ಒಬ್ಬಳೇ ನಂಜನಗೂಡಿಗೆ ಹೋಗಿದ್ದೆ. ಮಲ್ಲಿಕಾರ್ಜುನನ ಆಫೀಸಿನಲ್ಲಿ ಇನ್ಷೂರೆನ್ಸಿನ ಅರ್ಜಿಗೆ ಸಹಿ ಹಾಕಿದೆ. ಅರ್ಜಿದಾರಳು ಚಂಪಕ, ಅಂದರೆ ನಾನು. ಎದುರುದಾರರು ಇಬ್ಬರು, ವಿಮಾ ಕಂಪನಿ ಮತ್ತು ಬದರೀನಾರಾಯಣ. ಈ ಕೇಸಿಗೆ ಬೇರೆ ವಕೀಲರನ್ನು ಗೊತ್ತುಮಾಡಿಕೊಡುತ್ತೇನೆ, ಮೇಷ್ಟ್ರ ಮೇಲೆ ನಾನು ನಿಲ್ಲಲಾರೆ ಅಂದ ಮಲ್ಲಿಕಾರ್ಜುನ್. ಸಾರ್‌ಗೆ ಹೇಳಿದ್ದೀರಾ ಅಂದ. ಹೇಳಿದ್ದೇನೆ, ಮೊದಲೂ ಹೇಳಿದ್ದೆ, ಕೇಳಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು ಅಂದೆ. ದುಡ್ಡು ಬಂದರೆ ಆಪರೇಷನ್ ಆಗುತ್ತದೆ, ಬರದಿದ್ದರೆ ಹೀಗೇ. ಗಾಡಿ ಹೇಗೆ ಬಂತು ಅಂತ ಕಣ್ಣಾರೆ ಕಂಡವರು ಯಾರಾದರೂ ಸಾಕ್ಷಿ ಹೇಳಿದರೆ ಒಳ್ಳೆಯದು ಅಂದ. ಅದಕ್ಕೇ ಆಟೋ ಮಾಡಿಕೊಂಡು ಪುಟ್ಟಬಸಮ್ಮನ ಊರಿಗೆ ಹೋದೆ.

ಅವಳು ಮೊರ ಹಿಡಿದು ರಸ್ತೆಯ ಪಕ್ಕ ನಿಂತಿದ್ದಳು. ಶಿವಮಲ್ಲಪ್ಪ ಅದೇ ಮರದಡಿ ಇದ್ದ. ನಾನು ಬಂದ ಕಾರಣ ಕೇಳಿ, ಅವನು ಲೇ, ಬುಡು, ನಮಗ್ಯಾಕೆ ಅಂತ ಕೂಗಿದ. ಅವಳು ಅವನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮೊರ ಕೊಡವುತ್ತಿದ್ದಳು. ಹೊಟ್ಟು ಹಾರಿ ನನ್ನ ಸೀರೆಗೆ ಬಿತ್ತು. ನಾನು ಅದನ್ನು ಕೊಡವಿಕೊಳ್ಳದೆ ಕಾದೆ. ವಾಪಸು ಹೊರಟಾಗ ಅವಳೂ ಆಟೋದವರೆಗೆ ಬಂದಳು.

"ಯಾವತ್ತು ಅಂತ ಯೋಳ್ ಕಳುಸಿ" ಅಂದಳು, ಅಷ್ಟೇ.

ಬರೆಯುವುದಕ್ಕೆ ಇನ್ನೊಂದಿದೆ. ಹೋಗುವಾಗ, ಆ ಊರು ಇನ್ನೂ ದೂರವಿರುವಾಗಲೇ, ರಸ್ತೆಯ ಅಗಲಕ್ಕೂ ಹುರುಳಿ ಕಂಡಿತು. ಎರಡು ವರ್ಷ ಕೋರ್ಟು ತಿರುಗಿಸಿದರೂ ಬುದ್ಧಿ ಬಂದಿಲ್ಲ ಮುಂಡೇದಕ್ಕೆ. ಆಟೋ ಸಲೀಸಾಗಿ ದಾಟುತ್ತಿತ್ತೋ ಏನೋ. ಆದರೂ ಮುಂದಕ್ಕೆ ಬಗ್ಗಿ, ನಿಲ್ಲಿಸಪ್ಪಾ, ಇಳಿದು ನಡೀತೀನಿ ಅಂದೆ.

ಅವನು ನಿಲ್ಲಿಸಿದ.